ಸೀಟಿ ಆಗದೆ ಗಾಡಿ ಹೊರಡಲ್ಲ

ಡ್ರೈವರಣ್ಣ ಆ ಕಾರನ್ನು ಪರೀಕ್ಷೆ ಮಾಡಿದ ರೀತಿ ನೀವು ನೋಡಬೇಕಿತ್ತು. ಬಾನೆಟ್ ಎತ್ತಿಸಿದ. ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿಕೊಂಡು, ಮಗುವಿನ ಎದೆ ಬಡಿತ ಕೇಳೋ ಡಾಕ್ಟರ ಹಾಗೆ ತಲೆ ಬಗ್ಗಿಸಿ ನಿಂತ. ಮಂಡಿ ನೋವನ್ನೂ ಲೆಕ್ಕಿಸದೆ ನೆಲದ ಮೇಲೆ ಹಳೇ ಪೇಪರ್ ಹಾಸಿ ಮಲಗಿ, ಗಾಡಿಯ ಅಡಿಭಾಗ ನೋಡಿದ. ಟೈರಿಗೆ ಉಗುರು ಒತ್ತಿದ, ಬ್ರೇಕು ತುಳಿದ, ಬಾಗಿಲು ತೆಗೆದು ಹಾಕಿ, ಹಾಕಿ ತೆಗೆದು, ಆ ಸದ್ದಿಗೂ ತಲೆದೂಗಿದ. ಶೋರೂಮಿನ ಸೇಲ್ಸ್‌ನವನು ಪಕ್ಕದಲ್ಲೇ ಕೈಕಟ್ಟಿ ನಿಂತು, "ನಿಮ್ಮಂಥ ತಿಳಿದವರು ಬಂದರೆ ನಮಗೂ ಖುಷಿ ಸರ್" ಅಂದ. ಜೀವನವೆಲ್ಲ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯನಿಗೆ ಇಷ್ಟು ಸಾಲದೇ? ಅಣ್ಣ ಉಬ್ಬಿಹೋದ. ಆ ಉಬ್ಬಿನಲ್ಲೇ ಪೆನ್ನು ಹಿಡಿದು, ಸೇಲ್ಸ್‌ನವನು ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿ, ಮುಂಗಡವನ್ನೂ ಕಟ್ಟಿ, ಕಾಲಿಗೆ ಹಾಸೋ ಮ್ಯಾಟುಗಳನ್ನು ಉಡುಗೊರೆ ಅಂತ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದ.

ಕಾಗದ ಓದಿದನಾ ಅಂತ ಮಾತ್ರ ಕೇಳಬೇಡಿ. ಓದಲಿಲ್ಲ. ಓದು ಬರದೆ ಅಲ್ಲ, ಓದೋದು ತನ್ನ ಕೆಲಸ ಅಂತ ಅವನಿಗೆ ಹೊಳೆಯಲೇ ಇಲ್ಲ. ಅವನ ಬಸ್ಸಿನಲ್ಲಿ ಒಂದು ಕಟ್ಟುಪಾಡು ಇತ್ತು. ಗಾಜಿನ ಮುಂದೆ ಇರೋದೆಲ್ಲ ಡ್ರೈವರಿಗೆ, ಬೆನ್ನ ಹಿಂದೆ ಇರೋದೆಲ್ಲ ಕಂಡಕ್ಟರಿಗೆ. ಟಿಕೆಟ್ಟು, ಚಿಲ್ಲರೆ, ಲಗೇಜು, ಕಿಟಕಿ ಪಕ್ಕದ ಸೀಟಿನ ಜಗಳ, ಎಲ್ಲ ಹಿಂದಿನವನ ಪಾಲು. ಸಹಿ ಹಾಕಬೇಕಾದ ಕಾಗದ ಯಾವುದೇ ಇರಲಿ, ಕಂಡಕ್ಟರ್ ಮೊದಲು ಓದಿ, ಸರಿ ಇದ್ದರೆ ಮಾತ್ರ ಮುಂದಕ್ಕೆ ಚಾಚುತ್ತಿದ್ದ. ಡ್ರೈವರಣ್ಣ ಅದನ್ನು ಸ್ಟೀರಿಂಗ್ ಮೇಲಿಟ್ಟು ಗೀಚುತ್ತಿದ್ದ, ಅಷ್ಟೇ. ಮುಂದೆ ಚಾಚಿದ ಕಾಗದ ಅಂದರೆ ಯಾರೋ ಒಬ್ಬರು ನೋಡಿ ಆಗಿರೋ ಕಾಗದ ಅನ್ನೋ ನಂಬಿಕೆ ಅವನ ಕೈಗೆ ಅಂಟಿಹೋಗಿತ್ತು. ಇಲ್ಲಿ ಚಾಚಿದವನು ಕಂಡಕ್ಟರ್ ಅಲ್ಲ ಅನ್ನೋದು ಆ ಕೈಗೆ ಗೊತ್ತಾಗಲಿಲ್ಲ.

ಕಾರು ಬೇಕಾಗಿದ್ದು ಅವನಿಗಲ್ಲ, ಸೊಸೆಗೆ. ಸೊಸೆ ನರ್ಸು. ಊರಾಚೆಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಮಗ ಬೇಕರಿಯಲ್ಲಿ ಬ್ರೆಡ್ ಬೇಯಿಸೋನು, ಅವನೂ ಬೆಳಕು ಹರಿಯೋ ಮುಂಚೆ ಎದ್ದು ಹೋಗಬೇಕು. ಹೀಗಾಗಿ ಮೊಮ್ಮಗಳು ಪುಟ್ಟಿ ತನ್ನ ಅಮ್ಮನನ್ನು ನೋಡುತ್ತಿದ್ದಿದ್ದು ಬಹುಮಟ್ಟಿಗೆ ಅಮ್ಮ ನಿದ್ದೆ ಮಾಡುವಾಗಲೇ. ಸ್ಕೂಲಿನಲ್ಲಿ ಒಂದು ದಿನ ಅಮ್ಮನ ಚಿತ್ರ ಬರೆಯಿರಿ ಅಂದರೆ, ಆ ಮಗು ತಲೆತನಕ ಹೊದ್ದು ಮಲಗಿದ ಒಂದು ಹೊದಿಕೆಯನ್ನು ಬರೆದು ತಂದಿತು. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದಳು. ಹೊರಗೆ ಕೂತಿದ್ದ ಡ್ರೈವರಣ್ಣನಿಗೆ ನೀರಿನ ಸದ್ದಿನ ಹಿಂದಿದ್ದ ಇನ್ನೊಂದು ಸದ್ದೂ ಕೇಳಿಸಿತು.

ಅಷ್ಟರಲ್ಲಿ ಅವಳಿಗೆ ಹೊಸ ಕೆಲಸ ಕೂಡಿಬಂತು. ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಆರೈಕೆ ಮಾಡೋದು. ಹಗಲು ಕೆಲಸ, ಸಂಜೆ ಮನೆ. ಷರತ್ತು ಒಂದೇ, ಬರೋ ಸೋಮವಾರ ಸ್ವಂತ ಕಾರು ತಗೊಂಡು ಬರಬೇಕು, ಇಲ್ಲದಿದ್ದರೆ ಕೆಲಸ ಇನ್ನೊಬ್ಬರಿಗೆ. ಡ್ರೈವರಣ್ಣ ಎದೆ ತಟ್ಟಿಕೊಂಡು, "ಗಾಡಿ ವಿಷಯ ನನಗೆ ಬಿಡಮ್ಮ" ಅಂದ. ಪಾಪ, ಅವಳೂ ಬಿಟ್ಟಳು.

ಶುಕ್ರವಾರ ಮಧ್ಯಾಹ್ನ ಮಾವ ಸೊಸೆ ಇಬ್ಬರೂ ಉಳಿದ ಹಣ ಕಟ್ಟೋಕೆ ಶೋರೂಮಿಗೆ ಹೋದರು. ಸೇಲ್ಸ್‌ನವನು ನೀರು ಕೊಟ್ಟ, ಕಾಫಿ ಕೊಟ್ಟ, ಕೊನೆಗೆ ಬಿಲ್ಲು ಕೊಟ್ಟ. ಸೊಸೆ ಓದುತ್ತಾ ಓದುತ್ತಾ ಕಾಫಿ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು. ಹೇಳಿದ್ದ ಬೆಲೆ ಮೇಲಿನ ಸಾಲಿನಲ್ಲಿ ಹಾಗೇ ಇತ್ತು. ಅದರ ಕೆಳಗೆ ಒಂದು ಸಂಸಾರವೇ ಬೆಳೆದಿತ್ತು. ಹ್ಯಾಂಡ್ಲಿಂಗ್ ಶುಲ್ಕ, ದಾಖಲೆ ಸೇವೆ, ಬಣ್ಣ ಕಾಪಾಡೋ ಲೇಪನ, ಸೀಟ್ ಕವರ್ರು ಸೆಂಟು ಮುಂತಾದವು ಸೇರಿದ 'ಅಗತ್ಯ ಕಿಟ್', ಹೆಚ್ಚುವರಿ ವಾರಂಟಿ, ಅವರೇ ಮಾಡಿಸೋ ದುಬಾರಿ ವಿಮೆ. ಎಲ್ಲ ಕೂಡಿದರೆ ಕಾರಿನ ಜೊತೆ ಇನ್ನೊಂದು ಸ್ಕೂಟರ್ ಕೊಳ್ಳಬಹುದಿತ್ತು.

"ಇದೆಲ್ಲ ಮೊದಲು ಹೇಳಿರಲಿಲ್ಲವಲ್ಲ" ಅಂದಳು ಸೊಸೆ.

"ಎಲ್ಲ ಕಡ್ಡಾಯ ಮೇಡಂ. ಸರ್ ಸಹಿ ಹಾಕಿದ್ದಾರೆ. ಈಗ ಬೇಡ ಅಂದ್ರೆ ಮುಂಗಡ ವಾಪಸ್ ಬರಲ್ಲ."

ಡ್ರೈವರಣ್ಣ ಬಿಲ್ಲನ್ನು ತನ್ನ ಕಡೆ ಎಳೆದುಕೊಂಡು ನೋಡಿದ. ಎಂಜಿನ್ನಿನ ಸದ್ದಿನಲ್ಲಿ ಎಳ್ಳಷ್ಟು ದೋಷ ಹುಡುಕಿದ್ದ ಮನುಷ್ಯ, ಒಂದು ಹಾಳೆ ತಿರುವಿ ನೋಡಲಿಲ್ಲವಲ್ಲ. ಸೊಸೆ ಅವನ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಬಸ್ ಸ್ಟಾಪಿನಲ್ಲಿ ನಿಂತಾಗ, "ಹೋಗ್ಲಿ ಬಿಡಿ ಮಾವ, ಅಷ್ಟು ಹಣ ಹೊಂದಿಸೋಕೆ ಆಗಲ್ಲ. ರಾತ್ರಿ ಪಾಳಿ ನನಗೇನು ಹೊಸದಲ್ಲ" ಅಂತ ಅವನಿಗೇ ಸಮಾಧಾನ ಹೇಳಿದಳು. ಆ ಸಮಾಧಾನ ಅವನಿಗೆ ಮುಳ್ಳಿನ ಹಾಗೆ ಚುಚ್ಚಿತು.

ಈಗ ಅವನಿಗೆ ಒಬ್ಬನ ನೆನಪು ಬಂತು. ನಿಜ ಹೇಳಬೇಕು ಅಂದರೆ ಆ ನೆನಪು ಬಿಲ್ಲು ನೋಡಿದಾಗಲೇ ಬಂದಿತ್ತು, ಇವನೇ ನಾಚಿಕೆಯಿಂದ ಅದನ್ನು ಹಿಂದಕ್ಕೆ ತಳ್ಳಿದ್ದ. ಅವನ ಕಂಡಕ್ಟರು. ಸೇವೆಯುದ್ದಕ್ಕೂ ಅದೇ ಬಸ್ಸಿನ ಹಿಂಭಾಗ ಕಾದವನು. ಯಾರ ಚಿಲ್ಲರೆಯನ್ನೂ ಉಳಿಸಿಕೊಳ್ಳದವನು, ಯಾರಿಗೂ ಬಿಡದವನು. ಇಳಿದು ಹೋದ ಮುದುಕಿಯೊಬ್ಬಳಿಗೆ ಒಂದು ನಾಣ್ಯ ಕೊಡೋದಿದೆ ಅಂತ ಬಸ್ಸು ನಿಲ್ಲಿಸಿ ಹಿಂದೆ ಓಡಿದವನು. ಆವತ್ತೇ ಡ್ರೈವರಣ್ಣ ಅವನಿಗೆ 'ಚಿಲ್ಲರೆ' ಅಂತ ಹೆಸರಿಟ್ಟ. ಹೆಸರು ಎಷ್ಟು ಗಟ್ಟಿಯಾಗಿ ಕೂತಿತು ಅಂದರೆ ಚಿಲ್ಲರೆಯ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಕಾರಿನ ಮಾತು ಎದ್ದಾಗ ಚಿಲ್ಲರೆ, "ನಾನೂ ಬರ್ಲಾ?" ಅಂತ ಕೇಳಿದ್ದ. "ಬೇಡಪ್ಪ. ನೀನು ಬಂದ್ರೆ ನಟ್ಟು ಬೋಲ್ಟು ಎಣಿಸ್ತಾ ಕೂರ್ತೀಯ, ಗಾಡಿ ಹಳೇದಾಗುತ್ತೆ" ಅಂತ ಡ್ರೈವರಣ್ಣ ನಕ್ಕುಬಿಟ್ಟಿದ್ದ. ಈಗ ಯಾವ ಮುಖ ಇಟ್ಟುಕೊಂಡು ಹೋಗೋದು? ಆದರೂ ಹೋದ. ಪುಟ್ಟಿಯ ಆ ಹೊದಿಕೆಯ ಚಿತ್ರ ಕಣ್ಣ ಮುಂದೆ ಇದ್ದಾಗ ಮುಖದ ಯೋಚನೆ ಯಾರು ಮಾಡ್ತಾರೆ.

ಚಿಲ್ಲರೆಯ ಮನೆ ಒಂದು ಲಾಂಡ್ರಿಯ ಮೇಲಿನ ಮಹಡಿ. ಮೆಟ್ಟಿಲಿಗೆಲ್ಲ ಇಸ್ತ್ರಿಯ ಬಿಸಿ ವಾಸನೆ. ಅವನು ಪ್ಯಾಂಟು ಮಡಚಿ, ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಬಿಟ್ಟುಕೊಂಡು ಕೂತಿದ್ದ. ನಿಂತೇ ದುಡಿದ ಕಾಲುಗಳು, ಸಂಜೆಯಾದರೆ ಈ ಸೇವೆ ಕೇಳುತ್ತವೆ. ಡ್ರೈವರಣ್ಣ ಬಾಗಿಲಲ್ಲೇ ನಿಂತು ನಡೆದಿದ್ದೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟ. ಮ್ಯಾಟು ಬಿಟ್ಟಿ ಸಿಕ್ಕಿದ್ದನ್ನೂ ಸೇರಿಸಿದ, ಏನೋ ಒಂದಾದರೂ ಗೆದ್ದೆ ಅಂತ ಅನ್ನಿಸಿಕೊಳ್ಳೋಕೆ.

ಚಿಲ್ಲರೆ ನಗಲಿಲ್ಲ. ನೀರಿನಲ್ಲಿ ಹೆಬ್ಬೆರಳು ಆಡಿಸುತ್ತಾ ಕೂತಿದ್ದ.

"ನನ್ನ ಬಿಟ್ಟು ಹೋಗಿದ್ದಕ್ಕೆ ಬೇಜಾರಿಲ್ಲ ಕಣಯ್ಯ" ಅಂದ ಆಮೇಲೆ. "ಸೀಟಿ ಆಗದೆ ಹೊರಟೆಯಲ್ಲ, ಅದಕ್ಕೆ ಬೇಜಾರು."

ಡ್ರೈವರಣ್ಣ ತಲೆ ತಗ್ಗಿಸಿದ. ಆ ಬಸ್ಸಿನಲ್ಲಿ ಎರಡು ಸೀಟಿ ಕೇಳದೆ ಅವನು ಯಾವತ್ತೂ ಗೇರ್ ಹಾಕಿದವನಲ್ಲ.

"ಕಾರಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ" ಅಂತ ಚಿಲ್ಲರೆ ಕಾಲು ಒರೆಸಿಕೊಂಡ. "ಕ್ಲಚ್ಚು ಯಾವ ಕಡೆ ಇರುತ್ತೆ ಅಂತ ಇವತ್ತಿಗೂ ಗೊತ್ತಿಲ್ಲ. ಆದ್ರೆ ದುಡ್ಡು ಕೊಟ್ಟವನಿಗೆ ಏನು ಸಿಕ್ತು ಅಂತ ಕೇಳೋಕೆ ಬರುತ್ತೆ. ಕಾನೂನು ಏನು ಹೇಳುತ್ತೋ ಅದನ್ನ ತಿಳಿದವರನ್ನ ಕೇಳೋಣ. ಗ್ರಾಹಕರ ಸಹಾಯವಾಣಿ ಅಂತ ಇದೆಯಲ್ಲ, ಸೊಸೆಗೆ ಫೋನ್ ಮಾಡೋಕೆ ಹೇಳು. ನಾಳೆ ನಾನು ಬರ್ತೀನಿ."

ಸಂಜೆಯೇ ಸೊಸೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಅವಸರ ಮಾಡದೆ ಎಲ್ಲ ಕೇಳಿಸಿಕೊಂಡು, ಮಗುವಿಗೆ ಹೇಳೋ ಹಾಗೆ ಒಂದೊಂದಾಗಿ ಬಿಡಿಸಿ ಹೇಳಿದಳಂತೆ. ಹೆಸರನ್ನೂ ಹೇಳದ ಆ ಪುಣ್ಯಾತ್ಗಿತ್ತಿಯನ್ನು ಡ್ರೈವರಣ್ಣ ಮನಸ್ಸಿನಲ್ಲೇ ನೂರು ಸಲ ಹರಸಿದ. ರಾತ್ರಿ ಊಟ ಮಾಡೋ ಹೊತ್ತಿಗೆ ಸೊಸೆಯ ಮುಖಕ್ಕೆ ಒಂಚೂರು ಬಣ್ಣ ಮರಳಿತ್ತು.

ಶನಿವಾರ ಮೂವರೂ ಶೋರೂಮಿಗೆ ಹೋದರು. ಮೆತ್ತನೆ ಸೋಫಾ ತೋರಿಸಿದರೂ ಚಿಲ್ಲರೆ ಕೂರಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದ ಹಾಗೆ ಟೇಬಲ್ಲಿನ ಪಕ್ಕದ ಕಂಬಕ್ಕೆ ಒರಗಿ ನಿಂತು, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.

"ಈ ಹ್ಯಾಂಡ್ಲಿಂಗ್ ಅಂದ್ರೆ ಏನಪ್ಪ?"

"ಗಾಡಿಯನ್ನ ಗೋಡೌನಿನಿಂದ ಇಲ್ಲಿಗೆ ತರೋ ಖರ್ಚು ಸರ್" ಅಂದ ಸೇಲ್ಸ್‌ನವನು.

"ಡಿಪೋದಿಂದ ಬಸ್ ಸ್ಟ್ಯಾಂಡಿಗೆ ಖಾಲಿ ಬಸ್ಸು ತಂದಿದ್ದಕ್ಕೆ ನಾನು ಯಾವತ್ತೂ ಯಾರಿಗೂ ಟಿಕೆಟ್ ಹರಿದಿಲ್ಲವಲ್ಲ" ಅಂದ ಚಿಲ್ಲರೆ. ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಅರ್ಥವಾಗದವನ ಹಾಗೆ ಕೇಳಿದ. "ಸರಿ, ಈ ಲೇಪನ? ಇದು ಬೇಡ ಅಂದ್ರೆ ಗಾಡಿ ಓಡಲ್ವಾ?"

"ಓಡುತ್ತೆ ಸರ್, ಆದ್ರೆ..."

"ಓಡುತ್ತೆ." ಪೆನ್ಸಿಲ್ಲಿನಿಂದ ಒಂದು ಗೆರೆ. "ಈ ಸೆಂಟು? ಸೀಟ್ ಕವರ್ರು?"

ಸೊಸೆ ಮುಂದೆ ಬಾಗಿದಳು. ರೋಗಿಗೆ ಸೂಜಿ ಚುಚ್ಚೋ ಮುಂಚೆ ಮಾತಾಡೋ ಆ ಮೆಲುದನಿ ಅವಳದು. "ವಿಮೆ ಇರಲೇಬೇಕು, ಒಪ್ತೀವಿ. ಆದ್ರೆ ಎಲ್ಲಿ ಮಾಡಿಸಬೇಕು ಅನ್ನೋದು ನಮ್ಮಿಷ್ಟ ಅಂತ ಸಹಾಯವಾಣಿಯವರು ಹೇಳಿದ್ರು. ಬೇರೆ ಕಡೆ ವಿಚಾರಿಸಿದ್ದೀನಿ, ಇದರ ಅರ್ಧಕ್ಕೆ ಸಿಗುತ್ತೆ. ಹೆಚ್ಚುವರಿ ವಾರಂಟಿ ನಮಗೆ ಬೇಡ."

"ಇಲ್ಲ ಮೇಡಂ, ಇವೆಲ್ಲ ಕಡ್ಡಾಯ. ಇವಿಲ್ಲದೆ ಬಿಲ್ಲನ್ನ ಕಂಪ್ಯೂಟರ್ರೇ ತಗೊಳ್ಳಲ್ಲ."

"ಹಾಗಿದ್ರೆ ಪ್ರತಿ ಸಾಲಿನ ಪಕ್ಕದಲ್ಲಿ ಕಡ್ಡಾಯ ಅಂತ ಬರೆದು, ನಿಮ್ಮ ಸಹಿ, ಶೋರೂಮಿನ ಮೊಹರು ಹಾಕಿಕೊಡಿ" ಅಂದಳು ಸೊಸೆ. "ಕೊಟ್ಟ ತಕ್ಷಣ ಹಣ ಕಟ್ತೀವಿ."

ಸೇಲ್ಸ್‌ನವನು ಪೆನ್ನು ತೆಗೆದ. ಪೆನ್ನು ಹಾಳೆಯ ಮೇಲೆ ಬಂತು. ಅಲ್ಲೇ ನಿಂತಿತು. ಇಷ್ಟು ಹೊತ್ತು ಕಡ್ಡಾಯ ಕಡ್ಡಾಯ ಅಂತ ಬಾಯಿಪಾಠ ಒಪ್ಪಿಸುತ್ತಿದ್ದವನಿಗೆ ಅದೇ ಮಾತು ಬರೆಯೋಕೆ ಕೈ ಬರಲಿಲ್ಲ. ಎದ್ದು ಗಾಜಿನ ಕೋಣೆಯೊಳಗೆ ಹೋಗಿ ಮ್ಯಾನೇಜರ್ ಹೆಂಗಸನ್ನು ಕರೆತಂದ.

ಆಕೆ ಬಂದವಳೇ ಬುಕಿಂಗ್ ಹಾಳೆಯನ್ನು ತಿರುವಿ ಹಿಂಬದಿ ತೋರಿಸಿದಳು. ಇರುವೆ ಸಾಲಿನಂಥ ಅಕ್ಷರದಲ್ಲಿ, ಇತರ ಶುಲ್ಕಗಳು ಅನ್ವಯಿಸುತ್ತವೆ ಅಂತ ಇತ್ತು. ಅಡಿಯಲ್ಲಿ ಡ್ರೈವರಣ್ಣನ ಸಹಿ.

"ಸಹಿ ನಂದೇ" ಅಂದ ಡ್ರೈವರಣ್ಣ. "ಓದದೆ ಹಾಕಿದೆ."

"ಯಾವ ಶುಲ್ಕ, ಎಷ್ಟು, ಅದು ಇಲ್ಲಿ ಎಲ್ಲೂ ಇಲ್ಲವಲ್ಲಮ್ಮ" ಅಂತ ಚಿಲ್ಲರೆ ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದ. "ದರ ಬರೆಯದೆ ನಾನು ಟಿಕೆಟ್ ಕೊಟ್ಟಿದ್ರೆ ಚೆಕಿಂಗ್‌ನವರು ನನ್ನ ಆವತ್ತೇ ಮನೆಗೆ ಕಳಿಸ್ತಿದ್ರು."

"ನೋಡಿ, ನಿಮಗೆ ಇಷ್ಟ ಇಲ್ಲ ಅಂದ್ರೆ ಗಾಡಿ ಬಿಡಿ. ತಗೊಳ್ಳೋಕೆ ಬೇರೆಯವರು ಕಾಯ್ತಿದ್ದಾರೆ."

"ಬಿಡ್ತೀವಿ" ಅಂದಳು ಸೊಸೆ. "ಮುಂಗಡ ಕೊಡಿ. ಕೊಡಲ್ಲ ಅಂದ್ರೆ, ಕೊಡಲ್ಲ ಅಂತಲೂ ಬರೆದುಕೊಡಿ. ಗ್ರಾಹಕರ ಕೋರ್ಟಿಗೆ ದೂರು ಕೊಡೋಕೆ ಕಾಗದ ಬೇಕು."

ಡ್ರೈವರಣ್ಣ ಮನಸ್ಸಿನಲ್ಲೇ ದಿನ ಎಣಿಸಿದ. ದೂರು ಕೊಡಬಹುದು, ನ್ಯಾಯ ಸಿಗಲೂಬಹುದು, ಆದರೆ ಅದು ಸೋಮವಾರದ ಒಳಗೆ ಸಿಗುತ್ತಾ? ಗಾಡಿ ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಮತ್ತೆ ಅದೇ ಹೊದಿಕೆ. ಸೊಸೆಯ ಬೆರಳುಗಳು ಟೇಬಲ್ಲಿನ ಅಡಿಯಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು, ಅದೂ ಅವನಿಗೆ ಕಂಡಿತು. ಹಾಳಾಗಿ ಹೋಗಲಿ, ಎಲ್ಲಾದರೂ ಸಾಲ ತಂದು ಕೊಟ್ಟುಬಿಡೋಣ ಅಂತ ಬಾಯಿ ತೆರೆದೇಬಿಟ್ಟ. ಆಗ ಕಂಬದ ಪಕ್ಕ ಚಿಲ್ಲರೆಯ ಕೈ ಎದ್ದಿತು. ಅಂಗೈ ಅಗಲಿಸಿ, ಭುಜದ ಎತ್ತರಕ್ಕೆ, ಮಾತಿಲ್ಲದೆ.

ಆ ಕೈಯನ್ನು ಡ್ರೈವರಣ್ಣ ಕನ್ನಡಿಯಲ್ಲಿ ಎಷ್ಟು ಸಲ ನೋಡಿದ್ದನೋ. ತಡಿ ಅಂತ ಅದರ ಅರ್ಥ. ಅದು ಎದ್ದಾಗ ಡ್ರೈವರ್ ಸೀಟಿನಿಂದ ಏನೂ ಕಾಣುತ್ತಿರಲಿಲ್ಲ. ಆದರೆ ಹಿಂದಿನ ಬಾಗಿಲಲ್ಲಿ ಯಾರೋ ಒಬ್ಬರು ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿರುತ್ತಿದ್ದರು. ಒಂದು ಸಲವೂ ಆ ಕೈ ಸುಳ್ಳಾಗಿರಲಿಲ್ಲ. ಅಣ್ಣ ಬಾಯಿ ಮುಚ್ಚಿಕೊಂಡ.

ಮ್ಯಾನೇಜರ್ ಒಮ್ಮೆ ಸೊಸೆಯನ್ನು, ಒಮ್ಮೆ ಆ ಎತ್ತಿದ ಕೈಯನ್ನು, ಒಮ್ಮೆ ಆಚೆ ಸೋಫಾದಲ್ಲಿ ಕಿವಿ ನಿಮಿರಿಸಿ ಕೂತಿದ್ದ ಇನ್ನೊಂದು ಗಿರಾಕಿ ಸಂಸಾರವನ್ನು ನೋಡಿದಳು. ಆ ಸಂಸಾರದ ಯಜಮಾನ ಆಗಲೇ ತನ್ನ ಬಿಲ್ಲನ್ನು ತಿರುವಿ ಹಿಂಬದಿ ಹುಡುಕುತ್ತಿದ್ದ. ಆಕೆ ಹಾಳೆ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಪ್ರಿಂಟರ್ ಸದ್ದು ಕೇಳಿಸಿತು. ಹೊಸ ಬಿಲ್ಲಿನಲ್ಲಿ ಗಾಡಿಯ ಬೆಲೆ, ತೆರಿಗೆ, ನೋಂದಣಿ, ಅಷ್ಟೇ ಇದ್ದವು. ವಿಮೆ ನೀವೇ ಮಾಡಿಸಿ ತನ್ನಿ ಅಂದಳು. ಕಂಪ್ಯೂಟರ್ ಯಾವ ತಕರಾರೂ ಇಲ್ಲದೆ ತಗೊಂಡಿತ್ತು.

ಡ್ರೈವರಣ್ಣ ಎದ್ದೇಬಿಟ್ಟ. ಚಿಲ್ಲರೆಯ ಕೈ ಇನ್ನೂ ಇಳಿದಿರಲಿಲ್ಲ.

"ಇನ್ನೊಂದಿದೆ. ಇವನು ಮ್ಯಾಟು ಮನೆಗೆ ತಗೊಂಡು ಹೋಗಿದ್ದಾನೆ. ಹಳೇ ಬಿಲ್ಲಲ್ಲಿ ಕಿಟ್ಟಿನ ಒಳಗೆ ಇತ್ತು, ಹೊಸದರಲ್ಲಿ ಬಿಟ್ಟುಹೋಗಿದೆ. ಅದನ್ನ ಸೇರಿಸಿ."

"ಲೋ, ಅದು ಉಡುಗೊರೆ ಅಂದಿದ್ರು ಕಣೋ" ಅಂತ ಡ್ರೈವರಣ್ಣ ಪಿಸುಗುಟ್ಟಿದ.

"ಉಡುಗೊರೆಗೆ ಬಿಲ್ಲು ಹಾಕ್ತಾರಾ? ಮಾರಿದ್ದಾರೆ. ನೀನು ತಗೊಂಡಿದ್ದೀಯ. ಕೊಡು."

ಅಷ್ಟು ಹೊತ್ತು ಮುಖ ಗಂಟಿಕ್ಕಿಕೊಂಡಿದ್ದ ಸೇಲ್ಸ್‌ನವನು ಫಕ್ಕನೆ ನಕ್ಕುಬಿಟ್ಟ. ಮ್ಯಾನೇಜರ್ ಕೂಡ ತುಟಿ ಕಚ್ಚಿಕೊಂಡಳು. ಡ್ರೈವರಣ್ಣ ಗೊಣಗುತ್ತಾ ಮ್ಯಾಟಿನ ದುಡ್ಡು ಎಣಿಸಿ ಕೊಟ್ಟ. ಹಾಗೆ ಕೊಡುವಾಗ ಅವನಿಗೆ ಒಳಗೊಳಗೇ ಹಾಯೆನಿಸಿತು, ಯಾಕೆ ಅಂತ ಕೇಳಿದ್ದರೆ ಅವನಿಗೆ ಹೇಳೋಕೆ ಬರುತ್ತಿರಲಿಲ್ಲ.

ಉಳಿದ ಹಣ ಕಟ್ಟಿ, ವಿಮೆಯ ಕೆಲಸ ಮುಗಿಸಿ, ಕೀಲಿ ಕೈಗೆ ಬರುವಾಗ ಸಂಜೆಯಾಯಿತು. ಸೊಸೆ ಸ್ಟೀರಿಂಗ್ ಹಿಂದೆ ಕೂತಳು, ಡ್ರೈವರಣ್ಣ ಪಕ್ಕದಲ್ಲಿ. ಚಿಲ್ಲರೆ ಹಿಂದಿನ ಸೀಟಿನಲ್ಲಿ ಕೂತು, ಕೂರೋಕೆ ಅಭ್ಯಾಸವಿಲ್ಲದವನ ಹಾಗೆ ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಸೊಸೆ ಕೈಯನ್ನು ಸ್ಟೀರಿಂಗಿನ ಮೇಲೆ ಸುಮ್ಮನೆ ಒಂದು ಸುತ್ತು ಆಡಿಸಿದಳು.

"ಸೋಮವಾರ ಸಂಜೆ ಸ್ಕೂಲ್ ಗೇಟಿನಲ್ಲಿ ನಾನೇ ನಿಂತಿರ್ತೀನಿ ಮಾವ" ಅಂದಳು. "ಪುಟ್ಟಿಗೆ ಹೇಳಬೇಡಿ. ನೋಡೋಣ, ಎದ್ದಿರೋ ಅಮ್ಮನ ಗುರುತು ಹಿಡೀತಾಳಾ ಅಂತ." ಆಮೇಲೆ ಹಿಂದೆ ತಿರುಗಿ, "ಕಂಡಕ್ಟರ್ ಮಾವ, ನಿಮ್ಮ ಉಪಕಾರ ನಾನು ಮರೆಯಲ್ಲ" ಅಂದಳು. ಚಿಲ್ಲರೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೂಂಗುಟ್ಟಿದ.

ಅವಳು ಎಂಜಿನ್ ಚಾಲೂ ಮಾಡಿ ಗೇರ್ ಹಾಕೋಕೆ ಹೋದಳು. ಡ್ರೈವರಣ್ಣ ಹ್ಯಾಂಡ್ ಬ್ರೇಕಿನ ಮೇಲೆ ಕೈ ಇಟ್ಟ.

"ತಡಿಯಮ್ಮ. ಸೀಟಿ ಆಗಿಲ್ಲ."

ಕನ್ನಡಿಯನ್ನು ತನ್ನ ಕಡೆಗೆ ಒಂಚೂರು ತಿರುಗಿಸಿಕೊಂಡ. ಅದರಲ್ಲಿ ಆ ಮುಖ ಇತ್ತು, ಅದೇ ಜಾಗದಲ್ಲಿ, ಕೂದಲು ಮಾತ್ರ ಬೆಳ್ಳಗೆ. ಇಷ್ಟು ವರ್ಷ ತಾನು ಹಿಂದೆ ತಿರುಗದೆ ಬಸ್ಸು ಓಡಿಸಿದ್ದು ತನ್ನ ಜಾಣತನದಿಂದ ಅಂತಲೇ ಅವನು ಅಂದುಕೊಂಡಿದ್ದ. ತಿರುಗಿ ನೋಡೋ ಅಗತ್ಯವೇ ಬರದ ಹಾಗೆ ಒಬ್ಬ ಅಲ್ಲಿ ನಿಂತಿದ್ದ, ಕಾಲು ಊದಿಸಿಕೊಂಡು. ಅವನಿಗೆ ಒಂದು ಒಳ್ಳೆ ಮಾತು ಅಂತ ತಾನು ಆಡಿದ್ದೇ ಇಲ್ಲ, ಆಡಿದ್ದು ಬರೀ ಅಡ್ಡಹೆಸರು. ಡ್ರೈವರಣ್ಣನ ಕಣ್ಣು ತುಂಬಿಬಂತು. ಕನ್ನಡಿಯಲ್ಲಿ ನೋಡುತ್ತಲೇ ಹೇಳಿದ.

"ನೀನು ಹಿಂದೆ ಇದ್ದೆ ಅಂತ ನಾನು ಮುಂದೆ ನೋಡ್ಕೊಂಡು ಹೋದೆ ಕಣೋ. ಇವತ್ತಿಂದು ಮಾತ್ರ ಅಲ್ಲ. ಎಲ್ಲದಕ್ಕೂ ಸೇರಿಸಿ ಹೇಳ್ತಿದ್ದೀನಿ. ನಿನ್ನ ಋಣ ದೊಡ್ಡದು."

ಚಿಲ್ಲರೆ ಅಂಗಿಯ ಜೇಬು ತಟ್ಟಿ ನೋಡಿಕೊಂಡ, ಪ್ಯಾಂಟಿನ ಜೇಬೂ ತಟ್ಟಿದ.

"ಅಷ್ಟು ದೊಡ್ಡದು ಕೊಟ್ರೆ ಹೇಗಯ್ಯ" ಅಂದ. "ನನ್ನ ಹತ್ರ ಚಿಲ್ಲರೆ ಇಲ್ಲ."

ಸೀಟಿಯನ್ನು ಅವನು ನಿವೃತ್ತಿಯ ದಿನವೇ ಡಿಪೋಗೆ ಒಪ್ಪಿಸಿ ಬಂದಿದ್ದ. ಕಿಟಕಿಯ ಗಾಜು ಇಳಿಸಿದ, ಕೈ ಹೊರಗೆ ಹಾಕಿದ, ಹೊಸ ಬಾಗಿಲಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ. ಡ್ರೈವರಣ್ಣ ಹ್ಯಾಂಡ್ ಬ್ರೇಕ್ ಇಳಿಸಿದ. ಸೊಸೆ ಗಾಡಿಯನ್ನು ರಸ್ತೆಗೆ ತಂದಳು.